ಬಿಸಿಲಿಗೆ ಬಿದ್ದ ಕಟ್ಟೆಗೆ ಎಂಥ ಹಲಗೆ?

ನಮ್ಮ ಕಡೆ ಪೋರ್ಚ್ ಅಂದರೆ ಕಾರು ನಿಲ್ಲಿಸೋ ಜಾಗ. ಮಳೆ ಬಂದಾಗ ಸ್ಕೂಟರ್ ಒಳಗೆ ತಳ್ಳುತ್ತೀವಲ್ಲ, ಅದು. ಅಮೆರಿಕದಲ್ಲಿ ಪೋರ್ಚ್ ಅಂದರೆ ಬೇರೆ. ನಮ್ಮ ಹಳೇ ಮನೆಗಳ ಮುಂದಿನ ಕಟ್ಟೆ ಅಥವಾ ಜಗಲಿಗೆ ಅದು ಹತ್ತಿರದ ನೆಂಟ. ಮೇಲೆ ಸೂರು, ಮುಂದೆ ನಾಲ್ಕು ಕಂಬ, ಕೂರಲು ಎರಡು ಕುರ್ಚಿ. ನಮ್ಮದು ಕಲ್ಲು-ಮಣ್ಣಿನದು, ಇವರದು ಮರದ್ದು, ಅಷ್ಟೇ ವ್ಯತ್ಯಾಸ. ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಮರದ ತೊಲೆಗಳನ್ನು ಕೂರಿಸಿ, ಅದರ ಮೇಲೆ ಹಲಗೆ ಜೋಡಿಸಿರುತ್ತಾರೆ. ಕೆಳಗೆ ಟೊಳ್ಳು. ಮಗು ಓಡಿದರೆ ಮನೆಯೆಲ್ಲ ಧಬಧಬ ಅನ್ನುತ್ತೆ.

ಡಲ್ಲಾಸ್‌ನಲ್ಲಿ ನಾವು ಕೊಂಡ ಮನೆ 1940ರ ದಶಕದ್ದು. ಆಫೀಸಿನ ಕನ್ನಡದ ಗೆಳೆಯರೆಲ್ಲ ಉತ್ತರಕ್ಕೆ ಫ್ರಿಸ್ಕೋ, ಪ್ಲೇನೋ ಕಡೆಯ ಹೊಸ ಬಡಾವಣೆಗಳಲ್ಲಿದ್ದಾರೆ. ಅಲ್ಲಿ ಮನೆ ಮುಂದಿನ ಜಾಗಕ್ಕೆ ಕಾಂಕ್ರೀಟು ಸುರಿದುಬಿಟ್ಟಿರುತ್ತಾರೆ, ತಲೆನೋವಿಲ್ಲ. ನಮ್ಮದು ಮಾತ್ರ ಹಳೇ ಕಾಲದ ಮರದ ಕಟ್ಟೆ, ಅದೂ ಪಶ್ಚಿಮಕ್ಕೆ ಮುಖ. ಮನೆ ನೋಡಲು ಹೋದಾಗ ನಮ್ಮ ಮಾವನವರು ಫೋನಿನಲ್ಲಿ ವಾಸ್ತು ವಿಚಾರಿಸಿ, ಪಶ್ಚಿಮ ದ್ವಾರ ಪರವಾಗಿಲ್ಲ ಅಂತ ಒಪ್ಪಿಗೆ ಕೊಟ್ಟಿದ್ದರು. ವಾಸ್ತು ಪುಸ್ತಕ ಬರೆದವರು ಟೆಕ್ಸಾಸ್‌ನ ಆಗಸ್ಟ್ ಮಧ್ಯಾಹ್ನ ನೋಡಿರಲಿಲ್ಲ ಅಂತ ಕಾಣುತ್ತೆ.

ಇಲ್ಲಿನ ಬಿಸಿಲಿನ ಲೆಕ್ಕ ಸ್ವಲ್ಪ ವಿಚಿತ್ರ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತೆ, ಊರು ಬೇರೆ ಕಾಲವಲಯದ ಪಶ್ಚಿಮದ ಕಡೆಗಿದೆ. ಹಾಗಾಗಿ ಸೂರ್ಯ ನೆತ್ತಿಗೆ ಬರೋದು 12ಕ್ಕಲ್ಲ, ಸುಮಾರು 1:30ಕ್ಕೆ. ಜೂನ್ ಕೊನೆಯಲ್ಲಿ ಮುಳುಗೋದು 8:30 ದಾಟಿದ ಮೇಲೆ. ನಮ್ಮ ಕಟ್ಟೆಗೆ ಎಂಟು ಅಡಿ ಆಳದ ಸೂರಿದೆ. ಮಧ್ಯಾಹ್ನ ಮೂರಕ್ಕೆ ಬಿಸಿಲು ಹೊರ ಅಂಚಿನಿಂದ ಎರಡು ಮೂರು ಅಡಿ ಮಾತ್ರ ಒಳಗೆ ಬಂದಿರುತ್ತೆ. ನಾಲ್ಕೂವರೆಗೆ ಸೂರಿನ ಕೆಳಗೆ ನುಸುಳಿ ಹೆಚ್ಚುಕಡಿಮೆ ಗೋಡೆ ತನಕ ಮುಟ್ಟಿರುತ್ತೆ. ಐದಾದ ಮೇಲೆ ಬಾಗಿಲನ್ನೇ ಏರುತ್ತೆ. ಸೂರಿದೆ, ಬಿಸಿಲು ಬೀಳಲ್ಲ ಅಂತ ಪಶ್ಚಿಮದ ಕಟ್ಟೆಯ ಬಗ್ಗೆ ಯಾರಾದರೂ ಹೇಳಿದರೆ, ಅವರು ಆ ಮನೆಯನ್ನು ಬೆಳಿಗ್ಗೆ ಮಾತ್ರ ನೋಡಿದ್ದಾರೆ ಅಂತ ತಿಳಿಯಿರಿ.

ಹಳೇ ನೆಲ ಪೈನ್ ಮರದ್ದು, ಮೇಲೆ ಬೂದು ಬಣ್ಣ. ಬಿಸಿಲು ಬೀಳುವ ಹೊರ ಅಂಚಿನಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು, ಹಲಗೆ ಬಾಯಿ ಬಿಟ್ಟು, ಸೀಳು ಏಳುತ್ತಿತ್ತು. ಪ್ರತಿ ಎರಡು ವರ್ಷಕ್ಕೊಮ್ಮೆ ಕೆರೆದು ಬಣ್ಣ ಹೊಡೆಯೋ ವ್ಯವಧಾನ ನಮ್ಮಿಬ್ಬರಿಗೂ ಇಲ್ಲ. ಕಾಂಪೋಸಿಟ್ ಹಾಕಿಸೋಣ ಅನ್ನೋ ಮಾತು ಅಲ್ಲಿಂದ ಶುರುವಾಯಿತು. ಆದರೆ ನಾನು ಈ ವಿಷಯಕ್ಕೆ ಇಷ್ಟು ತಲೆಕೆಡಿಸಿಕೊಂಡಿದ್ದಕ್ಕೆ ಕಾರಣ ಬಣ್ಣವಲ್ಲ, ನಮ್ಮವ್ವನ ಪಾದ.

ಅವ್ವನಿಗೆ ಹದಿನೈದು ವರ್ಷದಿಂದ ಶುಗರ್ ಇದೆ. ಗದಗದಿಂದ ಹೋದ ವರ್ಷ ಮೇ ತಿಂಗಳಲ್ಲಿ ಬಂದವಳು ಆರು ತಿಂಗಳು ನಮ್ಮ ಜೊತೆ ಇದ್ದಳು. ಬಂದ ಎರಡನೇ ದಿನವೇ ಕಟ್ಟೆಯ ಮೂಲೆಯಲ್ಲಿ ಕುಂಡದಲ್ಲಿ ತುಳಸಿ ಇಟ್ಟಳು. ಜೂನ್‌ನಲ್ಲಿ ಒಂದು ಸಂಜೆ ಸಾಕ್ಸ್ ಹಾಕಿಸಲು ಕೂತಾಗ ನನ್ನ ಹೆಂಡತಿ ನೋಡಿದ್ದು: ಎಡಗಾಲಿನ ಹೆಬ್ಬೆರಳ ಬುಡದಲ್ಲಿ ರೂಪಾಯಿ ನಾಣ್ಯದಗಲ ಬೊಬ್ಬೆ. ಮಧ್ಯಾಹ್ನ ತುಳಸಿಗೆ ನೀರು ಹಾಕಿ, ಒಣಗಿದ ಕುಡಿ ಚಿವುಟುತ್ತಾ ಕಟ್ಟೆಯ ಅಂಚಿನಲ್ಲಿ ಬರಿಗಾಲಲ್ಲಿ ನಿಂತಿದ್ದಳಂತೆ. "ಸುಟ್ಟಿದ್ದು ನನಗ ಗೊತ್ತ ಆಗಲಿಲ್ಲಪಾ" ಅಂದಳು. ನಮಗೆ ಹೆದರಿಕೆಯಾಗಿದ್ದು ಬೊಬ್ಬೆ ನೋಡಿ ಅಲ್ಲ, ಆ ಮಾತು ಕೇಳಿ.

ಡಾಕ್ಟರು ಒಂದು ಸಣ್ಣ ನೈಲಾನ್ ಎಳೆ ತಗೊಂಡು ಪಾದದ ಬೇರೆ ಬೇರೆ ಕಡೆ ಒತ್ತಿ, ಮುಟ್ಟಿದ್ದು ಗೊತ್ತಾಗುತ್ತಾ ಅಂತ ಕೇಳಿದರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ನಾಲ್ಕು ಕಡೆ ಅವ್ವ "ಇಲ್ಲ" ಅಂದಳು. ದೀರ್ಘಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಹೀಗೆ ಮಂಕಾಗುತ್ತವೆ. ನಮ್ಮ ನಿಮ್ಮ ಕಾಲಿಗೆ ಬಿಸಿ ತಾಕಿದರೆ ಯೋಚನೆಗೆ ಮುಂಚೆಯೇ ಕಾಲು ಎತ್ತಿರುತ್ತೀವಿ. ಅವ್ವನ ಕಾಲಿಗೆ ಆ ಕಾವಲುಗಾರ ಇಲ್ಲ. ಗಾಯ ಮಾಯಲು ಆರು ವಾರ ಹಿಡಿಯಿತು. ಸೋಂಕು ಆಗಲಿಲ್ಲ ಅನ್ನೋದು ನಮ್ಮ ಪುಣ್ಯ. ಅವ್ವ ಈ ಮೇನಲ್ಲಿ ಮತ್ತೆ ಬರುತ್ತಾಳೆ. ಅಷ್ಟರೊಳಗೆ ಕಟ್ಟೆ ಸರಿಯಾಗಬೇಕು ಅನ್ನೋದು ಮನೆಯ ತೀರ್ಮಾನ.

ಚಪ್ಪಲಿ ಹಾಕಿಕೊಂಡರೆ ಆಯಿತಲ್ಲ ಅಂತ ನೀವು ಕೇಳಬಹುದು. ಡಾಕ್ಟರೂ ಅದನ್ನೇ ಹೇಳಿದ್ದು, ಅದೇ ಸರಿ ಕೂಡ. ಆದರೆ "ತುಳಸಿಗೆ ನೀರು ಹಾಕೂದಕ್ಕ ಚಪ್ಪಲಿ ಹಾಕ್ಕೊಂಡು ಹೋಗ್ಲ್ಯಾ?" ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಟ್ಟೆಯದಾದರೆ ಹಾಕಿಕೊಳ್ಳುತ್ತೀನಿ ಅನ್ನುವ ತನಕ ಈಗ ಬಂದಿದ್ದಾಳೆ. ದಪ್ಪ ಅಡಿ ಇರುವ ಬಟ್ಟೆಯ ಚಪ್ಪಲಿ ಎರಡು ಜೊತೆ ತಂದಿಟ್ಟಿದ್ದೀವಿ. ಆದರೂ ಮರೆತ ಒಂದು ದಿನಕ್ಕಾಗಿ ನೆಲವನ್ನೂ ನೋಡಲೇಬೇಕಲ್ಲ.

ಕಾಂಪೋಸಿಟ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೀನಿ, ಬೆಂಗಳೂರಿನ ಬಾಲ್ಕನಿಗಳಲ್ಲೂ ಡಬ್ಲ್ಯೂಪಿಸಿ ಹೆಸರಲ್ಲಿ ಇದು ಬರುತ್ತಿದೆ. ಮರದ ಪುಡಿ ಮತ್ತು ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಕಲಸಿ, ಚಕ್ಕುಲಿ ಒರಳಿನಲ್ಲಿ ಒತ್ತಿದ ಹಾಗೆ ಅಚ್ಚಿನಿಂದ ಹಲಗೆಯಾಗಿ ಒತ್ತುತ್ತಾರೆ. ಎಷ್ಟೋ ಕಂಪನಿಗಳು ಬಳಸಿ ಬಿಸಾಡಿದ ಪ್ಲಾಸ್ಟಿಕ್ ಚೀಲಗಳನ್ನೂ ಮರದ ಕಾರ್ಖಾನೆಗಳ ಪುಡಿಯನ್ನೂ ಇದಕ್ಕೆ ಉಪಯೋಗಿಸುತ್ತವೆ. ಮೊದಲು ಬಂದ ಹಲಗೆಗಳಿಗೆ ಮೇಲ್ಹೊದಿಕೆ ಇರಲಿಲ್ಲ. ಒಳಗಿನ ಮರದ ಪುಡಿ ನೀರು ಕುಡಿದು ಬೂಷ್ಟು ಹಿಡಿಯುತ್ತಿತ್ತು, ಬಿಸಿಲಿಗೆ ಬಣ್ಣ ಬಿಳಚುತ್ತಿತ್ತು. ಈಗ ಒಳ್ಳೆಯ ಹಲಗೆಗಳಿಗೆ ಸುತ್ತ ತೆಳು ಪ್ಲಾಸ್ಟಿಕ್ ಕವಚ ಇರುತ್ತೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಕವಚ ಮೂರು ಕಡೆ ಮಾತ್ರವೋ, ಕೆಳಗೂ ಸೇರಿ ನಾಲ್ಕೂ ಕಡೆಯೋ? ಇನ್ನೊಂದು ಜಾತಿ ಇದೆ, ಮರದ ಪುಡಿಯೇ ಇಲ್ಲದ, ಒಳಗೆ ನೊರೆಯ ಹಾಗೆ ಗಾಳಿಗುಳ್ಳೆ ಇರುವ ಪಿವಿಸಿ. ಅದು ಹಗುರ, ದುಬಾರಿ. ಅಂಗಡಿಯವರು ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿ ಎಲ್ಲಕ್ಕೂ ಕಾಂಪೋಸಿಟ್ ಅಂತಲೇ ಕರೆಯುತ್ತಾರೆ.

ಬಿಸಿಲಿನ ವಿಷಯದಲ್ಲಿ ಎರಡು ಸಂಗತಿ ಬೇರೆ ಬೇರೆ ಮಾಡಿ ನೋಡಬೇಕು. ಹಲಗೆ ಎಷ್ಟು ಕಾಯುತ್ತೆ ಅನ್ನೋದು ಒಂದು. ಅದು ಬಹುಪಾಲು ಬಣ್ಣದ ಕೈಲಿದೆ. ಕಾದ ಹಲಗೆ ಕಾಲಿಗೆ ಎಷ್ಟು ಬೇಗ ಬಿಸಿ ದಾಟಿಸುತ್ತೆ ಅನ್ನೋದು ಇನ್ನೊಂದು. ಅದು ಸಾಂದ್ರತೆಯ ಕೈಲಿದೆ. ಬಿಸಿಲಲ್ಲಿಟ್ಟ ಸ್ಟೀಲ್ ತಟ್ಟೆ ಮತ್ತು ಮರದ ಮಣೆ ಎರಡನ್ನೂ ಮುಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಂಪೋಸಿಟ್ ಪೈನ್ ಮರಕ್ಕಿಂತ ಸಾಂದ್ರ. ಹಾಗಾಗಿ ಎರಡೂ ಒಂದೇ ಡಿಗ್ರಿ ತೋರಿಸಿದರೂ ಕಾಲಿಗೆ ಕಾಂಪೋಸಿಟ್ಟೇ ಹೆಚ್ಚು ಚುರುಕು.

ಸುಡುವ ಲೆಕ್ಕವನ್ನು 1947ರಲ್ಲೇ ಮಾರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಮಾಡಿಟ್ಟಿದ್ದಾರೆ. ಚರ್ಮ 44 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿದ್ದರೆ ಗಾಯವಾಗಲು ಗಂಟೆಗಟ್ಟಲೆ ಬೇಕು. 60 ಡಿಗ್ರಿಗೆ ಬಂದರೆ ಕೆಲವೇ ಸೆಕೆಂಡು ಸಾಕು. ಅದು ಬಿಸಿ ನೀರಿನಂಥ ಚೆನ್ನಾಗಿ ಶಾಖ ದಾಟಿಸುವ ವಸ್ತುವಿನ ಲೆಕ್ಕ. ಮರ-ಪ್ಲಾಸ್ಟಿಕ್ ಹಲಗೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತೆ. ಆದರೆ ಬಿಸಿಯೇ ಗೊತ್ತಾಗದ ಕಾಲಿಗೆ ಐದು ಸೆಕೆಂಡೂ ಒಂದೇ, ಅರ್ಧ ನಿಮಿಷವೂ ಒಂದೇ.

ಕಂಪನಿಗಳ ಜಾಹೀರಾತಿನಲ್ಲಿ "ಕಾಲಿಗೆ ತಂಪು" ಅಂತ ಇರುತ್ತೆ. ಕೆಳಗಿನ ಸಣ್ಣ ಅಕ್ಷರ ಓದಿ. ಅದೇ ಬಣ್ಣದ ಬೇರೆ ಹಲಗೆಗೆ ಹೋಲಿಸಿದರೆ ತಂಪು ಅಂತ ಬರೆದಿರುತ್ತಾರೆ. ಕಡುಗಂದು ಬಣ್ಣದ "ತಂಪು" ಹಲಗೆ, ತಿಳಿಬೂದಿ ಬಣ್ಣದ ಸಾಧಾರಣ ಹಲಗೆಗಿಂತ ಬಿಸಿ ಇರಬಹುದು. ನಂಬೋದಕ್ಕಿಂತ ಅಳೆಯೋದು ಸುಲಭ. ಅಂಗಡಿಗಳು ಒಂದಡಿ ಉದ್ದದ ಮಾದರಿ ತುಂಡುಗಳನ್ನು ಕೊಡುತ್ತವೆ. ಹೋದ ಆಗಸ್ಟ್‌ನಲ್ಲಿ ಮೂರು ತುಂಡು ತಂದು ಕಟ್ಟೆಯ ಅಂಚಿನಲ್ಲಿ ಹಳೇ ಹಲಗೆಯ ಪಕ್ಕದಲ್ಲೇ ಇಟ್ಟೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಥರದ್ದೇ ಇನ್‌ಫ್ರಾರೆಡ್ ಥರ್ಮಾಮೀಟರ್, ಆದರೆ ಕೈಗಾರಿಕೆಯದು. ಇಪ್ಪತ್ತು ಡಾಲರಿಗೆ ಸಿಗುತ್ತೆ. ಹಣೆಯದ್ದು ಇಷ್ಟು ಬಿಸಿ ತೋರಿಸಲ್ಲ. ಮರಕ್ಕೂ ಪ್ಲಾಸ್ಟಿಕ್ಕಿಗೂ ಇದು ಸರಿಯಾಗಿ ಅಳೆಯುತ್ತೆ. ಹೊಳೆಯುವ ಲೋಹಕ್ಕೆ ಹಿಡಿದರೆ ಮಾತ್ರ ಸುಳ್ಳು ಹೇಳುತ್ತೆ.

ಮಧ್ಯಾಹ್ನ ನಾಲ್ಕೂವರೆ, ಗಾಳಿಯ ಉಷ್ಣತೆ 39 ಡಿಗ್ರಿ. ಕಡುಗಂದು ಕಾಂಪೋಸಿಟ್ 68. ತಿಳಿಬೂದಿ ಕಾಂಪೋಸಿಟ್ 56. ತಿಳಿಬಣ್ಣದ ಪಿವಿಸಿ 54. ಬಣ್ಣ ಬಳಿದ ಹಳೇ ಪೈನ್ 55. ಒಂದು ವಾರ ದಿನಾ ಅಳೆದೆ. ಅಂಕಿ ಒಂದೆರಡು ಡಿಗ್ರಿ ಆಚೀಚೆ ಆಯಿತೇ ಹೊರತು ಸಾಲು ಬದಲಾಗಲಿಲ್ಲ. ಅಂಗೈ ಇಟ್ಟು ನೋಡಿದಾಗ ಗಂದು ಹಲಗೆಯ ಮೇಲೆ ಎರಡು ಸೆಕೆಂಡು ನಿಲ್ಲಿಸಲು ಆಗಲಿಲ್ಲ. ಪಿವಿಸಿ ಹಗುರವಾದ್ದರಿಂದ ಸ್ವಲ್ಪ ಸೌಮ್ಯ ಅನಿಸಿತು.

ಈ ಪಟ್ಟಿ ನೋಡುತ್ತಾ ಕೂತಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಯಾವುದು ಅತ್ತೆ ಕಾಲಿಗೆ ಸುರಕ್ಷಿತ?" ಯಾವುದೂ ಅಲ್ಲ. 68ಕ್ಕಿಂತ 56 ವಾಸಿ, ನಿಜ. ಆದರೆ 54ಕ್ಕೂ ಬೊಬ್ಬೆ ಏಳುತ್ತೆ. ಅವಳು ಎದ್ದು ಹೋಗಿ, ಮಗಳ ಆಟದ ಛತ್ರಿ ತಂದು ಗಂದು ಹಲಗೆಯ ಮೇಲೆ ನೆರಳು ಬೀಳೋ ಹಾಗೆ ಸಿಕ್ಕಿಸಿದಳು. ಒಂದು ಗಂಟೆ ಬಿಟ್ಟು ಅಳೆದರೆ 43. ಬೂದಿ ಹಲಗೆಯನ್ನೂ ನೆರಳಿಗೆ ಎಳೆದು ಇಟ್ಟೆ, ಅದು 42. ನೆರಳಲ್ಲಿ ಬಣ್ಣಗಳ ಜಗಳವೇ ಮುಗಿದುಹೋಯಿತು.

ಅಲ್ಲಿಗೆ ಲೆಕ್ಕ ಬೇರೆಯಾಯಿತು. ಪಿವಿಸಿಗೂ ಕಾಂಪೋಸಿಟ್ಟಿಗೂ ನಮ್ಮ ಕಟ್ಟೆಯ ಅಳತೆಗೆ ಸುಮಾರು 800 ಡಾಲರ್ ವ್ಯತ್ಯಾಸ. ಎರಡು ಡಿಗ್ರಿಗೆ 800 ಡಾಲರ್ ಕೊಡೋದಕ್ಕಿಂತ, ತಿಳಿಬೂದಿ ಕಾಂಪೋಸಿಟ್ ತಗೊಂಡು, ಉಳಿದದ್ದರಲ್ಲಿ ಕಂಬಗಳ ನಡುವೆ ಇಳಿಬಿಡುವ ಹೊರಾಂಗಣ ಪರದೆ ಹಾಕಿಸೋದು ಜಾಣತನ ಅನಿಸಿತು. ಮೂರು ಪರದೆ, ಒಂದೊಂದಕ್ಕೆ ನೂರರ ಆಸುಪಾಸು. ನಮ್ಮ ಅಜ್ಜನ ಮನೆಯ ಪಡಸಾಲೆಗೆ ಬೇಸಿಗೆಯಲ್ಲಿ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಇದು ಅದೇ ಉಪಾಯ, ವಾಸನೆಯೊಂದಿಲ್ಲ. ಇಲ್ಲಿನ ಗಾಳಿ ಜೋರು, ಕೆಳ ಅಂಚನ್ನು ಕೊಕ್ಕೆಯಿಂದ ಕಟ್ಟದಿದ್ದರೆ ಪರದೆ ಹಾಯಿಯಾಗುತ್ತೆ. ಮಧ್ಯಾಹ್ನ ಎರಡೂವರೆಗೆ ಇಳಿಸೋದು, ಸೂರ್ಯ ಮುಳುಗಿದ ಮೇಲೆ ಏರಿಸೋದು.

ಹಾಗಾದರೆ ಬಣ್ಣಕ್ಕೆ ಬೆಲೆಯೇ ಇಲ್ಲವೇ? ಇದೆ. ಪರದೆ ಇಳಿಸೋದು ಮರೆತ ದಿನ, ಗಾಳಿಗೆ ಕಿತ್ತುಹೋದ ದಿನ, ಸೂರಿಲ್ಲದ ಮೆಟ್ಟಿಲಿನ ಮೇಲೆ. ಗೆಳೆಯರೊಬ್ಬರು ಕಡುಬಣ್ಣವೇ ಚೆಂದ, ಮಣ್ಣು ಕಾಣಲ್ಲ ಅಂದರು. ಅವರ ಕಟ್ಟೆ ಉತ್ತರಕ್ಕಿದೆ. ಅವರು ಏನಾದರೂ ಹಾಕಬಹುದು.

ಇನ್ನು ಕೂರಿಸುವ ಕೆಲಸ. ಹಲಗೆ ಆಯ್ಕೆಗೆ ಎಲ್ಲರೂ ತಿಂಗಳುಗಟ್ಟಲೆ ಚರ್ಚೆ ಮಾಡುತ್ತಾರೆ, ಕೆಳಗಿನ ತೊಲೆ ಯಾರೂ ನೋಡಲ್ಲ. ಬಿಸಿಲಿನ ಕಟ್ಟೆಯಲ್ಲಿ ಅರ್ಧ ವಿಷಯ ಇರೋದೇ ಅಲ್ಲಿ.

ನಮ್ಮ ಹಳೇ ಕಟ್ಟೆಯ ತೊಲೆಗಳು ಎರಡೆರಡು ಅಡಿಗೆ ಒಂದರಂತೆ ಇದ್ದವು. ಒಂದಕ್ಕೊಂದು ನಾಲಿಗೆ ಕಚ್ಚಿದ ಪೈನ್ ಹಲಗೆಗೆ ಅಷ್ಟು ಸಾಕಾಗಿತ್ತು. ಕಾಂಪೋಸಿಟ್‌ಗೆ ಸಾಲದು. ಇದು ಮರದಷ್ಟು ಬಿಗಿಯಲ್ಲ, ಬಿಸಿಯಾದರೆ ಇನ್ನೂ ಮೆತ್ತಗಾಗುತ್ತೆ. ತೊಲೆ ದೂರ ಇದ್ದರೆ ವರ್ಷ ಎರಡು ವರ್ಷದಲ್ಲಿ ನಡುವೆ ಜೋತು ಅಲೆಅಲೆಯಾಗಿ ಕಾಣುತ್ತೆ. ಹೆಚ್ಚಿನ ಹಲಗೆಗಳಿಗೆ ಕಂಪನಿಯ ಪುಸ್ತಕದಲ್ಲಿ ತೊಲೆಯ ನಡುವೆ ಗರಿಷ್ಠ 16 ಇಂಚು ಅಂತ ಇರುತ್ತೆ, ಓರೆಯಾಗಿ ಜೋಡಿಸಿದರೆ 12. ನಮ್ಮ ಮೇಸ್ತ್ರಿ ಅರವತ್ತರ ಹತ್ತಿರದವರು, ಮಾತು ಕಡಿಮೆ. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಎಲ್ಲ ಕಿತ್ತು 16ಕ್ಕೆ ಕೂರಿಸೋದು ಯಾಕೆ? ಇರುವ ಎರಡರ ಮಧ್ಯೆ ಒಂದೊಂದು ಸೇರಿಸಿದರೆ 12 ಆಗುತ್ತೆ, ಕೆಲಸವೂ ಕಡಿಮೆ" ಅಂದರು. ಐದು ತೊಲೆ ಇದ್ದ ಕಡೆ ನಾಲ್ಕು ಹೊಸವು ಬಂದವು. ಅದಕ್ಕೆ ಮುಂಚೆ ಹಳೇ ತೊಲೆಗಳಿಗೆಲ್ಲ ಸ್ಕ್ರೂಡ್ರೈವರ್ ಚುಚ್ಚಿ ನೋಡಿದರು. ಒಂದರ ತುದಿ ಮೈಸೂರುಪಾಕಿನ ಹಾಗೆ ಪುಡಿಯಾಯಿತು, ಬದಲಾಯಿಸಿದರು.

ಹೊಸ ತೊಲೆಗಳು ಔಷಧಿ ತುಂಬಿಸಿದ ಪೈನ್. ಗೆದ್ದಲು ಹತ್ತದಿರಲಿ ಅಂತ ತಾಮ್ರದ ಸಂಯುಕ್ತಗಳನ್ನು ಒತ್ತಡದಲ್ಲಿ ಒಳಗೆ ತುಂಬಿರುತ್ತಾರೆ. ಆ ತಾಮ್ರ ಸಾಧಾರಣ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತೆ. ಹಾಗಾಗಿ ದಪ್ಪ ಸತುವಿನ ಲೇಪ ಇರುವ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಮಾತ್ರ. ತೊಲೆಯ ತಲೆಗೆ ಕಪ್ಪು ಬ್ಯುಟೈಲ್ ಟೇಪು ಅಂಟಿಸಿದೆವು, ಸ್ಕ್ರೂ ತೂತಿನಲ್ಲಿ ನೀರು ಇಳಿಯದಿರಲಿ ಅಂತ. ಹಲಗೆ ಎಷ್ಟು ವರ್ಷ ಬಾಳಿದರೂ ತೊಲೆ ಕೊಳೆತರೆ ಏನು ಬಂತು?

ಕಟ್ಟೆಯ ಅಡಿಪಾಯದ್ದೂ ಒಂದು ಮಾತು. ಡಲ್ಲಾಸ್ ಸುತ್ತಮುತ್ತ ಇರುವುದು ಕಪ್ಪು ಜೇಡಿ. ಗದಗದವನಾದ ನನಗೆ ನೋಡಿದ ಕೂಡಲೇ ಗುರುತು ಸಿಕ್ಕಿತು: ನಮ್ಮ ಎರೆಮಣ್ಣೇ! ಮಳೆಗೆ ಉಬ್ಬುತ್ತೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳೋ ಅಷ್ಟು ಬಿರುಕು ಬಿಡುತ್ತೆ. ಇಲ್ಲಿ ಕೆಲವರು ಬೇಸಿಗೆಯಲ್ಲಿ ಮನೆಯ ಸುತ್ತ ನೀರು ಜಿನುಗುವ ಪೈಪು ಹಾಕಿ, ಬುಡದ ಮಣ್ಣು ಒಣಗದ ಹಾಗೆ ನೋಡಿಕೊಳ್ಳುತ್ತಾರೆ. ನಮ್ಮ ಕಟ್ಟೆಯ ಒಂದು ಮೂಲೆ ಕುಸಿದಿತ್ತು, ಜಾಕ್ ಕೊಟ್ಟು ಎತ್ತಿ ಮಟ್ಟ ಮಾಡಿದರು. ಪೂರ್ತಿ ಸಮತಟ್ಟಲ್ಲ, ಮನೆಯಿಂದ ಹೊರಕ್ಕೆ ಅಡಿಗೆ ಕಾಲು ಇಂಚಿನಂತೆ ಇಳಿಜಾರು ಹಾಗೇ ಉಳಿಸಿದೆವು. ಬಡಿಮಳೆಯ ನೀರು ಬಾಗಿಲ ಕಡೆ ಬರಬಾರದು.

ಈಗ ಹಿಗ್ಗುವ ವಿಷಯ. ಮರ ಉದ್ದಕ್ಕೆ ಬಿಸಿಲಿಗೆ ಅಷ್ಟಾಗಿ ಹಿಗ್ಗಲ್ಲ. ತೇವಕ್ಕೆ ಅಗಲದಲ್ಲಿ ಉಬ್ಬುತ್ತೆ. ಕಾಂಪೋಸಿಟ್ ತಿರುಗಾ ಮುರುಗಾ, ಬಿಸಿಗೆ ಉದ್ದವಾಗುತ್ತೆ. ಪಿವಿಸಿ ಇನ್ನೂ ಹೆಚ್ಚು. ನಾವು ಕೊಂಡ ಹಲಗೆಯ ಕಾಗದದಲ್ಲಿದ್ದ ಅಂಕಿ ಹಿಡಿದು ಲೆಕ್ಕ ಹಾಕಿದೆ: 16 ಅಡಿಯ ಹಲಗೆ ಚಳಿಗಾಲದ ಬೆಳಗಿಗೂ ಆಗಸ್ಟ್ ಮಧ್ಯಾಹ್ನಕ್ಕೂ ನಡುವೆ ಸುಮಾರು 12 ಮಿಲಿಮೀಟರ್, ಅಂದರೆ ಅರ್ಧ ಇಂಚು ಉದ್ದ-ಗಿಡ್ಡ ಆಗುತ್ತೆ. ಎರಡೂ ಕಡೆ ಬಿಗಿಯಾಗಿ ಸಿಕ್ಕಿಸಿದರೆ ಅದು ಎಲ್ಲಿಗೆ ಹೋಗಬೇಕು? ಮೇಲಕ್ಕೆ ಬಿಲ್ಲಾಗುತ್ತೆ, ಇಲ್ಲವೇ ಸ್ಕ್ರೂ ಕೀಳುತ್ತೆ.

ಇಲ್ಲಿ ಹಳೇ ಬಡಗಿಗಳ ಪದ್ಧತಿ ನಮ್ಮನ್ನು ಕಾಪಾಡಿತು. ನಮ್ಮ ಕಟ್ಟೆ 16 ಅಡಿ ಅಗಲ, ಎಂಟಕ್ಕೆ ಸ್ವಲ್ಪ ಕಡಿಮೆ ಆಳ. ಹೊಸ ಕಾಲದ ಡೆಕ್‌ಗಳಲ್ಲಿ ಹಲಗೆಯನ್ನು ಮನೆಗೆ ಸಮಾನಾಂತರವಾಗಿ ಉದ್ದಕ್ಕೆ ಹಾಕುತ್ತಾರೆ. ಹಳೇ ಪೋರ್ಚ್‌ಗಳಲ್ಲಿ ಅಡ್ಡಕ್ಕೆ, ಬಾಗಿಲಿಂದ ಬೀದಿಯ ಕಡೆಗೆ. ನೀರು ಹಲಗೆಯ ಸಂದಿನಗುಂಟ ಹರಿದುಹೋಗಲಿ ಅನ್ನೋದು ಉದ್ದೇಶ. ನಾವೂ ಹಾಗೇ ಹಾಕಿದೆವು. 16 ಅಡಿಯ ಹಲಗೆಯನ್ನು ಎರಡು ತುಂಡು ಮಾಡಿದರೆ ಎರಡು ಸಾಲು. ಹದಿನೇಳು ಹಲಗೆಯಲ್ಲಿ ಮೂವತ್ತನಾಲ್ಕು ಸಾಲು ಮುಗಿಯಿತು. ನಡುವೆ ಎಲ್ಲೂ ಜೋಡಣೆ ಇಲ್ಲ. ಉದ್ದ ಅರ್ಧವಾದ್ದರಿಂದ ಹಿಗ್ಗುವುದೂ ಅರ್ಧ, ಆರು ಮಿಲಿಮೀಟರ್. ಗೋಡೆ ಕಡೆ ಕಾಲು ಇಂಚು ಬಿಟ್ಟೆವು. ಬೀದಿ ಕಡೆಯ ತುದಿ ತೊಲೆಗಿಂತ ಒಂದಿಂಚು ಮುಂದೆ ಬಂದು ನಿಂತಿದೆ, ಎಷ್ಟು ಬೇಕಾದರೂ ಉಸಿರಾಡಲಿ.

ಹಲಗೆಯ ಪಕ್ಕದಲ್ಲಿ ಗಾಡಿ ಇರುತ್ತೆ, ಅದರೊಳಗೆ ಕ್ಲಿಪ್ ಕೂರಿಸಿ ತೊಲೆಗೆ ಸ್ಕ್ರೂ ಮಾಡೋದು. ಮೇಲೆ ಸ್ಕ್ರೂ ತಲೆ ಕಾಣಲ್ಲ. ನನಗೆ ಅದು ಇಷ್ಟವಾಗಿದ್ದು ಅಂದಕ್ಕಲ್ಲ. ಬಿಸಿಲಲ್ಲಿ ಕಾದ ಸ್ಕ್ರೂ ತಲೆ ಬರಿಗಾಲಿಗೆ ತಾಕಲ್ಲ. ಕ್ಲಿಪ್ಪುಗಳು ಹಲಗೆಯನ್ನು ಕೆಳಗೆ ಹಿಡಿಯುತ್ತವೆ, ಉದ್ದಕ್ಕೆ ಜಾರಲು ಬಿಡುತ್ತವೆ. ಆದರೆ ವರ್ಷವಿಡೀ ಜಾರುತ್ತಾ ಒಂದು ಕಡೆಗೇ ಹೊರಟುಹೋಗಬಾರದಲ್ಲ, ಅದಕ್ಕೆ ಪ್ರತಿ ಹಲಗೆಯ ನಡುಮಧ್ಯದಲ್ಲಿ ಒಂದು ಸ್ಕ್ರೂ ಓರೆಯಾಗಿ ಗಾಡಿಯಲ್ಲಿ ಹೊಡೆದರು. ಹಿಗ್ಗಿದರೆ ಎರಡೂ ಕಡೆ ಸಮ. ಹಲಗೆ-ಹಲಗೆಯ ನಡುವೆ ಐದು ಮಿಲಿಮೀಟರ್ ಸಂದು ಕ್ಲಿಪ್ಪೇ ಬಿಡಿಸುತ್ತೆ.

ಕೆಲಸ ಮಾಡಿದ್ದು ಮಾರ್ಚ್‌ನಲ್ಲಿ, ಬೆಳಿಗ್ಗೆ 15 ಡಿಗ್ರಿ. ಬಹಳ ಚಳಿಯೂ ಅಲ್ಲ, ಬಿಸಿಲೂ ಅಲ್ಲ, ಇದಕ್ಕೆ ಅದೇ ಸರಿಯಾದ ಕಾಲ. ಹಲಗೆಗಳನ್ನು ತಂದ ದಿನವೇ ಕೂರಿಸಲಿಲ್ಲ; ಎರಡು ದಿನ ನೆರಳಲ್ಲಿ ಸಮತಟ್ಟಾಗಿ ಮಲಗಿಸಿಟ್ಟೆವು. ಕೊಯ್ಯುವ ದಿನವೂ ನೆರಳಲ್ಲೇ ಅಳತೆ. ಬಿಸಿಲಲ್ಲಿ ಬಿದ್ದ ಒಂದು, ನೆರಳಲ್ಲಿದ್ದ ಇನ್ನೊಂದು ಕೊಯ್ದರೆ ರಾತ್ರಿಗೆ ಎರಡರ ಅಂಚು ಹೊಂದಲ್ಲ.

ಹಳೇ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾಗಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಕಟ್ಟೆ ಕೀಳುವಾಗ ಪರೀಕ್ಷೆ ಮಾಡಿಸಿ. ನಮ್ಮದರ ತಳದ ಪದರದಲ್ಲಿ ಸೀಸ ಸಿಕ್ಕಿತು. ಉಜ್ಜದೆ, ನೀರು ಚಿಮುಕಿಸಿ, ಪ್ಲಾಸ್ಟಿಕ್ ಹಾಸಿ, ಅದಕ್ಕೆ ತರಬೇತಿ ಪಡೆದವರ ಕೈಲೇ ಕೀಳಿಸಿದೆವು. ಎರಡು ವರ್ಷದ ಮಗಳನ್ನು ಆ ಮೂರು ದಿನ ಗೆಳೆಯರ ಮನೆಯಲ್ಲಿಟ್ಟಿದ್ದೆವು.

ಕಿಟಕಿಯದ್ದು ಇನ್ನೊಂದು. ಈಗಿನ ಜೋಡಿ ಗಾಜಿನ ಕಿಟಕಿಗಳಿಗೆ ಶಾಖ ತಡೆಯುವ ಲೇಪ ಇರುತ್ತೆ. ಒಳಗೆ ತಂಪು, ಆದರೆ ಆ ಬಿಸಿಲು ಹೊರಗೆ ಚಿಮ್ಮುತ್ತೆ. ಗಾಜು ಒಳಕ್ಕೆ ತುಸು ಬಾಗಿದ್ದರೆ ಭೂತಗನ್ನಡಿಯ ಹಾಗೆ ಒಂದೇ ಕಡೆ ಕೇಂದ್ರೀಕರಿಸಿ, ಪ್ಲಾಸ್ಟಿಕ್ ವಸ್ತುಗಳನ್ನು ಸೊಟ್ಟ ಮಾಡಿರುವ ಉದಾಹರಣೆಗಳಿವೆ. ಹಲಗೆ ಕಂಪನಿಗಳ ವಾರಂಟಿಯಲ್ಲಿ ಇದನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ, ಕೊಳ್ಳುವ ಮುಂಚೆ ಓದಿಕೊಳ್ಳಿ. ಪಶ್ಚಿಮದ ಕಟ್ಟೆಗೆ ಮನೆಯದೇ ಕಿಟಕಿ ಶತ್ರು: ಸಂಜೆ ಐದಾರರ ಬಿಸಿಲು ಗಾಜಿಗೆ ಬಡಿದು ನೆಲಕ್ಕೆ ಬೀಳುತ್ತೆ, ನೇರ ಬಿಸಿಲಿನ ಮೇಲೆ ಇನ್ನೊಂದು ಪದರ. ಕಟ್ಟೆಯ ಮೇಲೆ ಹೊಳೆಯುವ ಚೌಕ ಕಾಣಿಸಿದರೆ ಅಲ್ಲಿ ಥರ್ಮಾಮೀಟರ್ ಹಿಡಿದು ನೋಡಿ. ನಾವು ಎರಡೂ ಕಿಟಕಿಗೆ ಹೊರಗಿನಿಂದ ದಟ್ಟ ಜಾಲರಿ ಹಾಕಿಸಿದೆವು, ಚೌಕ ಮಾಯವಾಯಿತು.

ನಮ್ಮ ಮನೆಗಳ ಬಳಕೆಗೆ ಕೆಲವು ಮಾತು. ರಂಗೋಲಿ ಪುಡಿ ಸಂದಿನೊಳಗೆ ಇಳಿದುಹೋಗುತ್ತೆ, ಎರಡು ಹಲಗೆ ದಾಟುವ ಎಳೆ ಎಳೆಯೋದು ಕಷ್ಟ. ಹೊಸಿಲ ಮುಂದೆ ಒಂದು ಕಡಪ ಕಲ್ಲಿನ ತುಂಡು ಇಡೋದು ಅಂತ ತೀರ್ಮಾನ. ಅರಿಸಿನ, ಕುಂಕುಮ, ಎಣ್ಣೆ ಬಿದ್ದರೆ ಸೋಪಿನ ನೀರಲ್ಲಿ ಬೇಗ ಒರೆಸಿ, ಕವಚ ಇದ್ದರೆ ಹೋಗುತ್ತೆ. ದೀಪಾವಳಿಯ ಹಣತೆಯನ್ನು ನೇರವಾಗಿ ಹಲಗೆಯ ಮೇಲಿಡಬೇಡಿ, ಕೆಳಗೊಂದು ತಟ್ಟೆ ಇರಲಿ. ರಬ್ಬರ್ ತಳದ ಕಾಲೊರಸು ಬೇಡವೇ ಬೇಡ. ಅದರ ಅಡಿಯ ಜಾಗದ ಬಣ್ಣ ಬೇರೆಯಾಗಿ, ಎಷ್ಟು ಉಜ್ಜಿದರೂ ಹೋಗಲ್ಲ. ತುಳಸಿ ಕುಂಡಕ್ಕೆ ಕಾಲಿರುವ ಸ್ಟ್ಯಾಂಡು, ನೀರು ಕೆಳಗೆ ನಿಲ್ಲದ ಹಾಗೆ. ಆ ಸ್ಟ್ಯಾಂಡನ್ನು ಈ ಸಲ ಬಾಗಿಲ ಪಕ್ಕಕ್ಕೆ, ಮಧ್ಯಾಹ್ನದ ಬಿಸಿಲು ಕೊನೆಗೆ ಮುಟ್ಟುವ ಜಾಗಕ್ಕೆ ಸರಿಸಿದ್ದೀವಿ. ಬೆಳಿಗ್ಗೆ ನೀರು ಹಾಕುವುದೆಂದು ಅವ್ವನ ಜೊತೆ ಒಪ್ಪಂದವೂ ಆಗಿದೆ.

ಹಲಗೆಗೆ ಸುಮಾರು 1,700 ಡಾಲರ್ ಆಯಿತು, ತೊಲೆ ಮತ್ತು ಕೂಲಿ ಅದಕ್ಕಿಂತ ಹೆಚ್ಚು. ಹದಿನೇಳು ಸಾಕಿದ್ದರೂ ಹತ್ತೊಂಬತ್ತು ಹಲಗೆ ಕೊಂಡಿದ್ದೆವು. ಒಂದೊಂದು ಸಲ ತಯಾರಾದ ಹಲಗೆಗಳ ಬಣ್ಣ ಸ್ವಲ್ಪ ಬೇರೆ ಇರುತ್ತೆ, ಮುಂದೆ ಒಂದು ಮುರಿದರೆ ಹೊಂದುವಂಥದ್ದು ಸಿಗಲ್ಲ. ಒಂದನ್ನು ಗ್ಯಾರೇಜಿನ ಅಟ್ಟಕ್ಕೆ ಏರಿಸಿದ್ದೀನಿ. ಇನ್ನೊಂದನ್ನು ಕೊಯ್ದು ಮೆಟ್ಟಿಲಿನ ಅಂಚಿಗೆ ಬಳಸಿದ ಮೇಲೆ ಎರಡೂವರೆ ಅಡಿ ತುಂಡು ಉಳಿಯಿತು. ವಿಡಿಯೋ ಕಾಲ್‌ನಲ್ಲಿ ಅವ್ವ ಅದನ್ನು ನೋಡಿ, "ಒಗೀಬ್ಯಾಡ, ಅದರಾಗ ನನಗೊಂದು ಮಣಿ ಮಾಡು, ಕಟ್ಟಿ ಮ್ಯಾಲ ಕುಂತು ಸೊಪ್ಪು ಸೋಸಾಕ ಆಗ್ತದ" ಅಂದಳು. ಹೋದ ಭಾನುವಾರ ಮಾಡಿದೆ. ಅದಕ್ಕೂ 12 ಇಂಚಿಗೊಂದು ಕಾಲು.